ಕಲಂ ಇಲ್ಲದ ಕೇಸು

ಹ್ಯಾರಿಸ್ ಪಾರ್ಕ್, ಸಿಡ್ನಿ
೧೮ ಅಕ್ಟೋಬರ್ ೨೦೨೫, ಶನಿವಾರ

ಗೆಳೆಯ ಶಿವಪುತ್ರಪ್ಪನಿಗೆ ಗುರುಶಾಂತಪ್ಪನ ಶರಣು ಶರಣಾರ್ಥಿಗಳು.

ನಾವೆಲ್ಲ ಇಲ್ಲಿ ಕ್ಷೇಮ. ಏಳು ತಿಂಗಳ ನಂತರ ಈ ಮಾತನ್ನು ಮೊದಲ ಸಲ ಸುಳ್ಳಿಲ್ಲದೆ ಬರೆಯುತ್ತಿದ್ದೇನೆ. ಅಲ್ಲಿ ಮೆಲ್ಬೋರ್ನಿನ ಡ್ಯಾಂಡಿನಾಂಗಿನಲ್ಲಿ ನೀನು, ನಿನ್ನ ಮಗ ವಿರುಪಾಕ್ಷ, ಸೊಸೆ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳೂ ಬಂದಿವೆ. ಮೂರನೆಯದರಲ್ಲಿ ‘ಸತ್ತಿದ್ದರೆ ಅದನ್ನಾದರೂ ತಿಳಿಸು’ ಎಂದು ಬರೆದಿದ್ದೀಯಲ್ಲ, ಅದನ್ನು ನನ್ನ ಹೆಂಡತಿಗೆ, ನಿನ್ನ ವೈನಿಗೆ, ಓದಿ ಹೇಳಿದೆ. ರುದ್ರವ್ವ ನಕ್ಕು, “ಶಿರಸ್ತೇದಾರ್ರು ನೋಟೀಸ್ ಕಳ್ಸ್ಯಾರ, ಇನ್ನರ ಉತ್ತರಾ ಕೊಡ್ರಿ” ಅಂದಳು. ಧಾರವಾಡದ ಕೋರ್ಟಿನಲ್ಲಿ ಮೂವತ್ತು ವರ್ಷ ಕಡತ ಕಾದವನಿಗೆ ಉತ್ತರ ತಡವಾದರೆ ಎಷ್ಟು ಸಿಟ್ಟು ಬರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ನಿನ್ನ ಸಿಟ್ಟು ನ್ಯಾಯವಾದದ್ದೇ. ಮಾರ್ಚ್ ತಿಂಗಳಲ್ಲಿ ‘ನಾವೆಲ್ಲ ಎಳೆಗೂಸಿನೊಂದಿಗೆ ನಿಮ್ಮ ಮನೆಗೆ ಬರುತ್ತೇವೆ, ಎರಡು ತಿಂಗಳಾದರೂ ಇರುತ್ತೇವೆ, ಯಾಕೆಂದು ಮಾತ್ರ ಕೇಳಬೇಡ’ ಎಂದು ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಬರೆದವನು ನಾನು. ನಿನ್ನ ಸೊಸೆ ಒಳಗಿನ ಕೋಣೆ ತೆರವು ಮಾಡಿ ಎರಡು ಗಾದಿ ಕೊಂಡು ತಂದಳಂತೆ. ಆಮೇಲೆ ನಾವೂ ಬರಲಿಲ್ಲ, ನಮ್ಮಿಂದ ಒಂದು ಸುದ್ದಿಯೂ ಬರಲಿಲ್ಲ. ಫೋನ್ ಮಾಡೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ವಿರುಪಾಕ್ಷನ ಕೈಯಲ್ಲಿ ಹೇಳಿ ಕಳಿಸುವಂಥ ವಿಷಯವೂ ಅದಾಗಿರಲಿಲ್ಲ. ನಿನ್ನ ಸೊಸೆಗೆ ನನ್ನ ಪರವಾಗಿ ಕ್ಷಮೆ ಕೇಳು. ಗಾದಿಗಳು ಹಾಗೇ ಇರಲಿ, ಬಂದು ಮಲಗುತ್ತೇವೆ.

ಈಗ ಸುದ್ದಿ ಕೇಳು. ಗೆದ್ದೆವು, ಶಿವಪುತ್ರ. ಮೊನ್ನೆ ಗುರುವಾರ ಇಲ್ಲಿಯ ಮಕ್ಕಳ ನ್ಯಾಯಾಲಯದಲ್ಲಿ ನನ್ನ ಮಗಳು ಶೈಲಶ್ರೀ ತನ್ನ ಕೂಸನ್ನು ಗೆದ್ದುಕೊಂಡಳು. ಏಳು ತಿಂಗಳ ಆ ಕೂಸು, ನನ್ನ ಮೊಮ್ಮಗಳು ಗಾನವಿ, ಇದನ್ನು ಬರೆಯುವ ಹೊತ್ತಿಗೆ ನನ್ನ ಕಾಲ ಬಳಿ ಚಾಪೆಯ ಮೇಲೆ ಬೋರಲು ಬಿದ್ದು ನನ್ನ ಚಪ್ಪಲಿಯ ಬಾರು ಕಡಿಯುತ್ತಿದ್ದಾಳೆ. ಅಡುಗೆಮನೆಯಲ್ಲಿ ಅವಳ ತಾಯಿ ಇದ್ದಾಳೆ. ತಾಯಿ, ಮಗಳು ಒಂದೇ ಮನೆಯಲ್ಲಿದ್ದಾರೆ ಎಂಬುದೇ ನನ್ನ ಸುದ್ದಿ. ಇದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳುತ್ತೀಯಾ? ಓದು, ಗೊತ್ತಾಗುತ್ತದೆ.

ಎರಡು ವರ್ಷದ ಕೆಳಗೆ ಶೈಲಾಳ ಕಾರಿಗೆ ಹಿಂದಿನಿಂದ ಟ್ರಕ್ಕು ಗುದ್ದಿದ್ದು ನಿನಗೆ ಗೊತ್ತಿದೆ. ಬೆನ್ನುನೋವಿಗೆ ಡಾಕ್ಟರು ಬಲವಾದ ಗುಳಿಗೆ ಬರೆದುಕೊಟ್ಟರು. ಅಫೀಮಿನ ಜಾತಿಯವು ಅವು. ನೋವು ಹೋಯಿತು, ಗುಳಿಗೆ ಹೋಗಲಿಲ್ಲ. ಡಾಕ್ಟರು ಬರೆದುಕೊಡುವುದನ್ನು ನಿಲ್ಲಿಸಿದ ಮೇಲೆ ಅವರಿವರಿಂದ ಕದ್ದುಮುಚ್ಚಿ ಕೊಂಡು ನುಂಗತೊಡಗಿದಳು. ಬಸಿರಾದಾಗ ಬಿಡಲು ನೋಡಿದಳಂತೆ. ಎರಡೇ ದಿನಕ್ಕೆ ಮೈಯೆಲ್ಲ ಬೆವರಿ, ಹೊಟ್ಟೆ ಹಿಂಡಿ, ಹೊಟ್ಟೆಯೊಳಗಿನ ಕೂಸಿಗೆ ಏನಾದೀತೋ ಎಂದು ಮತ್ತೆ ನುಂಗಿದಳು. ಅವಳ ಗಂಡ ತೇಜಸ್ ಮೈಸೂರಿನ ಹುಡುಗ, ಕಂಪ್ಯೂಟರಿನ ಕೆಲಸ, ಮೆತ್ತಗಿನ ಮಾತಿನವನು. ಒಂದೇ ಮಂಚದಲ್ಲಿ ಮಲಗುವವನಿಗೆ ಸುಳಿವು ಹತ್ತಲಿಲ್ಲ. ಏಳನೆಯ ತಿಂಗಳಲ್ಲಿ ಕುಬಸ ಮಾಡಿದೆವು. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟು ನಗುತ್ತ ಕೂತವಳನ್ನು ನೋಡಿ ಪಕ್ಕದ ಮನೆಯ ಪಂಜಾಬಿ ಆಂಟಿ ದೃಷ್ಟಿ ತೆಗೆದಳು. ಆಸ್ಪತ್ರೆಗೆ ತಿಂಗಳು ತಿಂಗಳು ಹೋಗುತ್ತಿದ್ದಳು. ಏನಾದರೂ ಔಷಧಿ, ಮಾದಕ ಪದಾರ್ಥ ತೆಗೆದುಕೊಳ್ಳುತ್ತೀರಾ ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು, ಇವಳು ಪ್ರತಿ ಸಲ ಇಲ್ಲ ಎನ್ನುತ್ತಿದ್ದಳು.

ಮಾರ್ಚ್ ಹನ್ನೊಂದಕ್ಕೆ ಹೆರಿಗೆಯಾಯಿತು. ಮೊದಲ ದಿನ ಕೂಸು ಚೆನ್ನಾಗಿತ್ತು. ಎರಡನೆಯ ದಿನ ನಡುಗತೊಡಗಿತು. ಎಂಥ ಅಳು ಎನ್ನುತ್ತೀ, ಕೀರಲು ದನಿ, ನಿಲ್ಲುವುದೇ ಇಲ್ಲ. ಮೊಲೆಗೆ ಬಾಯಿ ಹಚ್ಚಿದರೆ ಹಿಡಿಯಲು ಬಾರದು, ಬಿಟ್ಟರೆ ಹಸಿವಿನ ಅಳು. ರಕ್ತದಲ್ಲಿ ನಂಜಾಗಿದೆಯೋ, ಮಿದುಳಿಗೆ ಏರಿದೆಯೋ ಎಂದು ಡಾಕ್ಟರುಗಳು ಗಾಬರಿಯಾದರು. ಆ ಅಂಗೈ ಅಗಲದ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಮತ್ತೊಮ್ಮೆ ಶೈಲಾಳನ್ನು ಕೇಳಿದರು. ಮತ್ತೊಮ್ಮೆ ಇಲ್ಲ ಎಂದಳು.

ಕೂಸು ನಡುಗುವುದನ್ನು ನೋಡಿದ ಕೂಡಲೇ ನನಗೆ ವಿಷಯ ಹೊಳೆಯಿತು. ಹೇಗೆ ಹೊಳೆಯಿತೆಂದು ಕೇಳಬೇಡ. ಹೊಳೆದ ಮೇಲೆ ನನ್ನ ನಲವತ್ತೊಂದು ವರ್ಷದ ವಕೀಲಿ ಬುದ್ಧಿ ಸುಮ್ಮನೆ ಕೂತೀತೇ? ನಮ್ಮ ಕಕ್ಷಿದಾರರು ಎಫ್‌ಐಆರ್ ಆಗುವ ಮೊದಲೇ ಕೊಲ್ಲಾಪುರಕ್ಕೋ ಮಡಗಾಂವಿಗೋ ಹೋಗಿ ಕೂತು, ಇಲ್ಲಿ ನಾನು ನಿರೀಕ್ಷಣಾ ಜಾಮೀನು ತರುವತನಕ ಪುಂಡಿಪಲ್ಲೆಯ ಆಸೆ ಬಿಟ್ಟು ಮೀನು ವಾಸನೆ ಸಹಿಸಿಕೊಂಡು ಇರುತ್ತಿದ್ದರಲ್ಲ, ಅದೇ ಲೆಕ್ಕ ಹಾಕಿದೆ. ಸಿಡ್ನಿಯದು ಒಂದು ರಾಜ್ಯ, ಮೆಲ್ಬೋರ್ನಿನದು ಇನ್ನೊಂದು ರಾಜ್ಯ. ನಾವು ಒಂದು ದಿನದಲ್ಲಿ ಗಡಿ ದಾಟಬಹುದು, ಕಡತ ದಾಟಲು ತಿಂಗಳು ಬೇಕು. ಅಲ್ಲಿ ನನ್ನ ಶಿವಪುತ್ರ ಇದ್ದಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ನಿನಗೆ ಆ ಪತ್ರ ಬರೆದು, ಹೊರಗಿನ ಡಬ್ಬಿಗೆ ಹಾಕಿ, ದೊಡ್ಡ ಕೆಲಸ ಮಾಡಿದವನಂತೆ ವಾರ್ಡಿಗೆ ಹೋದೆ. ಈ ದೇಶದಲ್ಲಿ ಅಂಥ ಕಡತ ಕಂಪ್ಯೂಟರಿನಲ್ಲಿ ನಮಗಿಂತ ಮೊದಲೇ ಮೆಲ್ಬೋರ್ನ್ ತಲುಪಿರುತ್ತಿತ್ತು ಎಂದು ಆಮೇಲೆ ತಿಳಿಯಿತು.

ವಾರ್ಡಿನಲ್ಲಿ ಶೈಲಾ ಒಬ್ಬಳೇ ಇದ್ದಳು. ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ನಾನು ಪಿಸುಮಾತಿನಲ್ಲಿ ನನ್ನ ಯೋಜನೆ ಹೇಳಿದೆ: ಡಿಸ್ಚಾರ್ಜ್ ಆದ ದಿನವೇ ಹೊರಡುವುದು, ಯಾರಿಗೂ ಹೇಳುವುದು ಬೇಡ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಪ್ಪಾ, ಇನ್ನ ಸಾಕು ಮಾಡ್ರಿ” ಅಂದಳು. “ನಾ ಎಲ್ಲಿಗೂ ಬರಾಂಗಿಲ್ಲ. ಅಕೀ ಬೆನ್ನಾಗ ಸೂಜಿ ಹಾಕುಮುಂದ ನೀವು ಹೊರಗ ಇದ್ರಿ. ನಾ ಅಲ್ಲೇ ಇದ್ದೆ.”

“ಬಾಯಿ ಬಿಟ್ಟಿ ಅಂದ್ರ ಕೂಸು ಕೈ ಬಿಟ್ಟು ಹೋಗತೈತಿ, ಹುಚ್ಚಿ” ಅಂದೆ.

“ಹೋದ್ರ ಹೋಗವಲ್ದ್ಯಾಕ. ಬದುಕಿದ್ರ ಸಾಕು” ಎಂದು ಹೇಳಿ, ತಲೆದಿಂಬಿನ ಪಕ್ಕದ ಗುಂಡಿ ಒತ್ತಿದಳು. ಸೂಲಗಿತ್ತಿ ಲೂಸಿ ಬಂದಳು. ಇಲ್ಲಿ ಸೂಲಗಿತ್ತಿಯರು ಪದವಿ ಓದಿದವರು, ಮಿಡ್‌ವೈಫ್ ಅನ್ನುತ್ತಾರೆ. ಶೈಲಾ ಅವಳ ಎದುರು ಎಲ್ಲವನ್ನೂ ಹೇಳಿದಳು: ಗುಳಿಗೆಯ ಹೆಸರು, ದಿನಕ್ಕೆ ಎಷ್ಟು, ಎಂದಿನಿಂದ, ಕೊನೆಯದನ್ನು ನುಂಗಿದ್ದು ಯಾವಾಗ. ಆಗ ಬೆಳಿಗ್ಗೆ ಹನ್ನೊಂದೂಕಾಲು. ನಾನು ಮೂಲೆಯ ಕುರ್ಚಿಯಲ್ಲಿ ತಲೆ ಹಿಡಿದು ಕೂತೆ. ಆರೋಪಿಯೇ ತಪ್ಪೊಪ್ಪಿಗೆ ಕೊಟ್ಟ ಮೇಲೆ ವಕೀಲನಿಗೆ ಇನ್ನೇನು ಕೆಲಸ?

ಲೂಸಿ ಬೈಯಲಿಲ್ಲ. ಮಂಚದ ಮೇಲೆ ಕೂತು ಶೈಲಾಳ ಕೈ ಹಿಡಿದುಕೊಂಡು, “ಹೇಳಿದ್ದು ಒಳ್ಳೆಯದಾಯಿತು. ಕೂಸಿಗೆ ಏನಾಗಿದೆ ಎಂದು ಈಗ ಗೊತ್ತಾಯಿತು, ಇದಕ್ಕೆ ಮದ್ದಿದೆ” ಅಂದಳು. ತಾಯಿಯ ಹೊಟ್ಟೆಯಲ್ಲಿ ರಕ್ತದ ಮೂಲಕ ಸಿಗುತ್ತಿದ್ದದ್ದು ಹುಟ್ಟಿದ ಮೇಲೆ ಒಮ್ಮೆಲೇ ನಿಂತದ್ದಕ್ಕೆ ಕೂಸು ಹಾಗೆ ನಡುಗುತ್ತಿತ್ತಂತೆ. ಅದೇ ಜಾತಿಯ ಔಷಧಿಯನ್ನು ಹನಿ ಲೆಕ್ಕದಲ್ಲಿ ಕೊಟ್ಟು, ದಿನ ದಿನ ಕಡಿಮೆ ಮಾಡುತ್ತ ಬಂದರು. ಆ ಸಂಜೆಯೇ ಗಾನವಿ ಮೊದಲ ಸಲ ಎರಡು ತಾಸು ಮಲಗಿದಳು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು.

ತೇಜಸ್‌ಗೂ ರುದ್ರವ್ವನಿಗೂ ಅಂದೇ ಗೊತ್ತಾದದ್ದು. ರುದ್ರವ್ವ ಒಂದು ತಾಸು ಅತ್ತು, ಮುಖ ತೊಳೆದು, ಅಳವಿ ಪಾಯಸ ಕಾಸಲು ಮನೆಗೆ ಹೋದಳು. ತೇಜಸ್ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಮೂರು ವಾರ ಹೆಂಡತಿಯೊಂದಿಗೆ ಮಾತಾಡಲಿಲ್ಲ. ಒಂದು ದಿನ ಕಾರಿನಲ್ಲಿ ನನಗೆ ಹೇಳಿದ: “ಮಾವ, ನನ್‌ಗೆ ಟ್ಯಾಬ್ಲೆಟ್ ಮೇಲೆ ಸಿಟ್ಟಿಲ್ಲ. ಒಬ್ರಿಗಾದ್ರೂ ಹೇಳ್ಬೋದಿತ್ತಲ್ವಾ ಅವ್ಳು? ಒಬ್ಳೇ ಹೊತ್ಕೊಂಡಿದ್ಲಲ್ಲ, ಅದನ್ನ ನೆನೆಸ್ಕೊಂಡ್ರೆ ಆಗಲ್ಲ.” ನಾನು ಅವನ ಬೆನ್ನು ತಟ್ಟಿದೆ.

ಇಂಥದ್ದು ತಿಳಿದರೆ ಆಸ್ಪತ್ರೆಯವರು ಮಕ್ಕಳ ರಕ್ಷಣೆಯ ಇಲಾಖೆಗೆ ವರದಿ ಮಾಡಲೇಬೇಕು, ಅದು ಇಲ್ಲಿಯ ಕಾನೂನು. ಇಲಾಖೆಯಿಂದ ಇಬ್ಬರು ಹೆಣ್ಣುಮಕ್ಕಳು ಬಂದರು, ಮನೆ ನೋಡಿದರು, ಫ್ರಿಜ್ಜು ತೆಗೆದು ನೋಡಿದರು, ನನ್ನ ಬಿಪಿ ಗುಳಿಗೆಯ ಡಬ್ಬಿಯನ್ನೂ ಬಿಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಕೋರ್ಟು ಮಧ್ಯಂತರ ಆದೇಶ ಮಾಡಿತು: ಕೂಸು ತಂದೆಯೊಂದಿಗೆ ಈ ಮನೆಯಲ್ಲಿರಬಹುದು, ತಾಯಿ ಈ ಮನೆಯಲ್ಲಿ ವಾಸ ಮಾಡುವಂತಿಲ್ಲ. ಹಗಲು ಬರಬಹುದು, ಆದರೆ ನಮ್ಮಲ್ಲಿ ಒಬ್ಬರು ಸದಾ ಎದುರಿಗಿರಬೇಕು. ಅಂತಿಮ ತೀರ್ಪು ತಿರುಗಿಬಿದ್ದರೆ ಕೂಸು ಹದಿನೆಂಟು ವರ್ಷ ತುಂಬುವತನಕ ತಾಯಿಯಿಂದ ದೂರವೇ.

ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕುವುದನ್ನು ನೀನೆಲ್ಲಾದರೂ ಕೇಳಿದ್ದೀಯಾ? ಶೈಲಾ ಎಪ್ಪಿಂಗಿನಲ್ಲಿ ತನ್ನ ಹಳೆಯ ಗೆಳತಿ ಮಧುರಾಳ ಅಪಾರ್ಟ್‌ಮೆಂಟಿನ ಒಂದು ಕೋಣೆಗೆ ಹೋದಳು. ಬಾಣಂತನ ಎರಡು ಸಬರ್ಬಿಗೆ ಹರಿದುಹಂಚಿಹೋಯಿತು. ನಿನ್ನ ವೈನಿ ಬೆಳಿಗ್ಗೆ ಇಲ್ಲಿ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆದು, ಅಂಟಿನುಂಡಿ ಡಬ್ಬಿ, ಥರ್ಮಾಸು ಹಿಡಿದು ಟ್ರೇನಿನಲ್ಲಿ ಎಪ್ಪಿಂಗಿಗೆ ಹೋಗಿ ಮಗಳಿಗೆ ಎರೆಯುತ್ತಿದ್ದಳು. ಇಂಗ್ಲಿಷಿನ ಗಂಧ ಇಲ್ಲದವಳು ಸಿಡ್ನಿಯ ರೈಲುಗಳನ್ನು ಧಾರವಾಡದ ಸಿಟಿ ಬಸ್ಸಿನಂತೆ ಪಳಗಿಸಿದಳು. ಒಮ್ಮೆ ತಪ್ಪು ರೈಲು ಹತ್ತಿ ಎಲ್ಲಿಗೋ ಹೋಗಿ, ಪಾಯಸ ಆರದ ಹಾಗೆ ತಿರುಗಿ ಬಂದಳು. ಅದನ್ನು ಈಗಲೂ ಹೇಳಿಕೊಳ್ಳುತ್ತಾಳೆ.

ಶೈಲಾಳಾದರೂ ಏನು ಕಡಿಮೆ? ವಾರ ಕಳೆದ ಮೇಲೆ ತಾನೇ ಓಡಾಡತೊಡಗಿದಳು. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಅವರ ಕಣ್ಣೆದುರಿಗೇ ಗುಳಿಗೆಯ ಚಟ ಬಿಡಿಸುವ ಬದಲಿ ಔಷಧಿ ತೆಗೆದುಕೊಂಡು, ಎಂಟೂವರೆಯೊಳಗೆ ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು. ವಾರಕ್ಕೆ ಮೂರು ಸಲ ಮೂತ್ರದ ಪರೀಕ್ಷೆ. ಏಳು ತಿಂಗಳಲ್ಲಿ ಒಂದೂ ತಪ್ಪಿಸಲಿಲ್ಲ, ಒಂದರಲ್ಲೂ ದೋಷ ಬರಲಿಲ್ಲ. ಅವಳು ಹಾಲೂಡುವಾಗ ನಾನು ಬಾಗಿಲು ತೆರೆದಿಟ್ಟು ಆಚೆಯ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂಡಬೇಕು. ಹೆತ್ತ ಮಗಳಿಗೆ ನಾನೇ ಪಹರೆ. ಸಂಜೆ ಏಳಕ್ಕೆ ಅವಳು ಕೂಸನ್ನು ಅಜ್ಜಿಯ ಕೈಗಿಟ್ಟು ಚಪ್ಪಲಿ ಮೆಟ್ಟುವಾಗ ನಾನು ಪತ್ರಿಕೆ ಓದುವವನಂತೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ಅದನ್ನು ತಲೆಕೆಳಗಾಗಿ ಹಿಡಿದದ್ದನ್ನು ತೇಜಸ್ ನೋಡಿ ತಿರುಗಿಸಿ ಕೊಟ್ಟ.

ಅವನು ಆ ಹೊತ್ತಿಗೆ ಕರಗಿದ್ದ. ಮೊದಮೊದಲು ಅವಳು ಬಂದರೆ ಎದ್ದು ಹೋಗುತ್ತಿದ್ದವನು, ಆಮೇಲೆ ಸಂಜೆ ಸ್ಟೇಷನ್ನಿನವರೆಗೆ ಬಿಡಲು ಹೋಗತೊಡಗಿದ, ಆಮೇಲೆ ಎಪ್ಪಿಂಗಿನವರೆಗೂ ಹೋಗಿ ಬರತೊಡಗಿದ. ಮದುವೆಗೆ ಮೊದಲು ಇವರಿಬ್ಬರು ಹೀಗೆ ಓಡಾಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಈಗಂತೂ ಓಡಾಡಿದರು.

ಊಟಕ್ಕೆ ಕರೆಯುತ್ತಿದ್ದಾರೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ

ನಾಳೆ ದೀಪಾವಳಿ. ಕೆಳಗೆ ಬೀದಿಯಲ್ಲಿ ಮಿಠಾಯಿ ಅಂಗಡಿಯ ಮುಂದೆ ಸಾಲು ಹಚ್ಚಿದ್ದಾರೆ. ಇಲ್ಲಿಯ ಪೇಢಾ ಧಾರವಾಡದ ಪೇಢಾದ ಕಾಲಿನ ಧೂಳಿಗೂ ಸಮವಲ್ಲ, ಆದರೂ ತಂದಿದ್ದೇನೆ.

ಈಗ ಕೇಸಿನ ವಿಷಯ. ಶೈಲಾಳಿಗೆ ಸರ್ಕಾರದ ಕಾನೂನು ನೆರವಿನಿಂದ ಬ್ರಿಜೆಟ್ ಎಂಬ ವಕೀಲೆ ಸಿಕ್ಕಳು. ಮೂವತ್ತು ದಾಟಿರಲಿಕ್ಕಿಲ್ಲ, ಬೆನ್ನಿಗೆ ಶಾಲೆ ಹುಡುಗರ ಹಾಗೆ ಚೀಲ, ಕಾಲಿಗೆ ಓಡುವ ಬೂಟು. ಮೊದಲ ಭೇಟಿಗೆ ನಾನು ಇಪ್ಪತ್ತೆರಡು ಪುಟದ ವಾದ ಬರೆದುಕೊಂಡು ಹೋಗಿದ್ದೆ. ಯಾವ ಕಲಂ ಹಾಕಿದ್ದಾರೆ, ಶಿಕ್ಷೆ ಎಷ್ಟು, ಜಾಮೀನು ಸಿಗುತ್ತದೋ ಇಲ್ಲವೋ ಎಂದು ಒಂದೇ ಉಸಿರಿಗೆ ಕೇಳಿದೆ.

ಅವಳು ಹೇಳಿದಳು: ಯಾವ ಕಲಮೂ ಇಲ್ಲ. ಬಸುರಿ ಗುಳಿಗೆ ನುಂಗಿದಳು, ಅದರಿಂದ ಹುಟ್ಟಿದ ಕೂಸಿಗೆ ತೊಂದರೆಯಾಯಿತು ಎಂದು ತಾಯಿಯನ್ನು ಜೈಲಿಗೆ ಹಾಕುವ ಕಾನೂನು ಈ ರಾಜ್ಯದಲ್ಲಿಲ್ಲ. ಡಾಕ್ಟರ ಚೀಟಿ ಇಲ್ಲದೆ ಗುಳಿಗೆ ಕೊಂಡದ್ದು ತಪ್ಪೇ, ಆದರೆ ಈ ಕೋರ್ಟಿಗೆ ಅದು ಮುಖ್ಯವಲ್ಲ. ಇಲ್ಲಿ ಆರೋಪಿ ಯಾರೂ ಇಲ್ಲ. ಕೋರ್ಟು ಕೇಳುವ ಪ್ರಶ್ನೆ ಒಂದೇ, ಈ ಕೂಸು ಈ ತಾಯಿಯ ಕೈಯಲ್ಲಿ ಸುರಕ್ಷಿತವೇ?

ನಾನು ಬಿಡಲಿಲ್ಲ. ಅಮೆರಿಕದಲ್ಲಿ ಹೆರಿಗೆ ವಾರ್ಡಿನಿಂದಲೇ ತಾಯಂದಿರಿಗೆ ಕೋಳ ಹಾಕಿ ಒಯ್ದ ಸುದ್ದಿಗಳು ನನ್ನ ವಾಟ್ಸಾಪಿನಲ್ಲಿ ಬಂದಿದ್ದವು, ತೋರಿಸಿದೆ. ಅಲ್ಲಿಯ ಕೆಲವು ರಾಜ್ಯಗಳಲ್ಲಿ ಹಾಗೆ ನಡೆದದ್ದುಂಟು, ಇಲ್ಲಿ ಹಾಗಿಲ್ಲ ಎಂದಳು. “ಜೈಲು ಇದೆ ಎಂದರೆ ಹೆಂಗಸರು ಆಸ್ಪತ್ರೆಗೇ ಬರುವುದಿಲ್ಲ, ಬಂದರೂ ನಿಜ ಹೇಳುವುದಿಲ್ಲ. ಆಗ ಪೆಟ್ಟು ತಿನ್ನುವುದು ಕೂಸು. ನಿಮ್ಮ ಮಗಳು ಮೂರನೆಯ ತಿಂಗಳಲ್ಲೇ ಹೇಳಿದ್ದರೆ ಆಗಲೇ ಔಷಧಿ ಬದಲಿಸಿ, ಹೆರಿಗೆಗೆ ಸಿದ್ಧವಾಗಿರುತ್ತಿದ್ದರು. ಬಹುಶಃ ನಾವು ಈ ಕೋಣೆಯಲ್ಲಿ ಕೂತಿರುತ್ತಿರಲಿಲ್ಲ” ಅಂದಳು. ನನ್ನ ಇಪ್ಪತ್ತೆರಡು ಪುಟವನ್ನು ಮರ್ಯಾದೆಯಿಂದ ತಿರುವಿ ನೋಡಿ, ಮರ್ಯಾದೆಯಿಂದಲೇ ವಾಪಸು ಕೊಟ್ಟಳು.

ಗುರುವಾರದ ವಿಚಾರಣೆ ಕೇಳು. ಕೋರ್ಟು ಎಂದರೆ ನಮ್ಮ ಕಡೆಯ ಕೋರ್ಟಲ್ಲ. ಗದ್ದಲವಿಲ್ಲ, ಕೂಗುವ ಜವಾನನಿಲ್ಲ, ಬಾಗಿಲು ಮುಚ್ಚಿ ನಡೆಸುತ್ತಾರೆ. ಅಜ್ಜ ಎಂದು ನನಗೆ ಹಿಂದಿನ ಕುರ್ಚಿಯಲ್ಲಿ ಕೂಡಲು ಅನುಮತಿ ಕೊಟ್ಟಿದ್ದರು. ಮ್ಯಾಜಿಸ್ಟ್ರೇಟರು ಬಿಳಿಗೂದಲಿನ ಹೆಣ್ಣುಮಗಳು, ಕಡತದ ಪ್ರತಿ ಹಾಳೆ ಓದಿಕೊಂಡು ಬಂದಿದ್ದರು. ಇಷ್ಟು ಓದಿಕೊಂಡು ಬಂದ ನ್ಯಾಯಾಧೀಶರನ್ನು ನಾವಿಬ್ಬರೂ ಎಷ್ಟು ಜನರನ್ನು ಕಂಡಿದ್ದೇವೆ, ನೀನೇ ಹೇಳು.

ಇಲಾಖೆಯ ವಕೀಲ ಎದ್ದ. ಬುದ್ಧಿವಂತ. ಪಾಟೀಸವಾಲು ಮಾಡುವಾಗ ದನಿ ಏರಿಸಲೇ ಇಲ್ಲ. ಈಕೆ ಒಂಬತ್ತು ತಿಂಗಳು ಆಸ್ಪತ್ರೆಗೆ ಸುಳ್ಳು ಹೇಳಿದ್ದಾಳೆ, ನಾಳೆ ಮತ್ತೆ ಗುಳಿಗೆಗೆ ಕೈ ಚಾಚಿದರೆ ಆಗಲೂ ಮುಚ್ಚಿಡುವುದಿಲ್ಲ ಎಂಬುದಕ್ಕೆ ಏನು ಖಾತ್ರಿ ಎಂಬುದೇ ಅವನ ವಾದ. ನಾನಾಗಿದ್ದರೂ ಅದನ್ನೇ ಹಿಡಿಯುತ್ತಿದ್ದೆ.

“ಯಾಕೆ ಹೇಳಲಿಲ್ಲ?” ಎಂದು ಕೇಳಿದ.

“ಹೆದರಿದ್ದೆ. ಹೇಳಿದರೆ ಜೈಲಿಗೆ ಹಾಕುತ್ತಾರೆ, ಕೂಸನ್ನು ತೆಗೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ.”

“ಹೇಳಬೇಡ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದರೇ? ಯಾರ ಒತ್ತಡವಾದರೂ ಇತ್ತೇ?”

“ಇಲ್ಲ. ಯಾರಿಗೂ ಗೊತ್ತಿರಲಿಲ್ಲ. ಅದು ನನ್ನೊಬ್ಬಳ ನಿರ್ಧಾರ.”

ದನಿ ಎಳ್ಳಷ್ಟೂ ಅಲುಗಲಿಲ್ಲ. ಇಂಥ ಸಾಕ್ಷಿಯನ್ನು ನಾನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ.

ಆಮೇಲೆ ಬ್ರಿಜೆಟ್ ಎದ್ದಳು. ಬೂಟಿನ ಹುಡುಗಿ ಎಂದು ನಾನು ಮನಸ್ಸಿನಲ್ಲಿ ನಗಾಡಿದ್ದೆನಲ್ಲ, ಆ ಹುಡುಗಿ ಲೂಸಿ ಬರೆದ ವರದಿಯಿಂದ ಎರಡೇ ಸಾಲು ಓದಿದಳು: ಮಾರ್ಚ್ ಹದಿಮೂರರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ, ಗುಳಿಗೆಯ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ. ತಾಯಿ ತಾನಾಗಿಯೇ ಕರೆದು ಹೇಳಿದಳು, ಹೇಳಿದರೆ ಕೂಸು ಕೈತಪ್ಪಬಹುದೆಂದು ತಿಳಿದೇ ಹೇಳಿದಳು. ಇಷ್ಟು ಓದಿ ಕೂತುಬಿಟ್ಟಳು. ನಾನಾಗಿದ್ದರೆ ಇನ್ನೂ ಒಂದು ತಾಸು ಮಾತಾಡಿ ಕೆಡಿಸುತ್ತಿದ್ದೆ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಶೈಲಾಳನ್ನು ನೋಡಿ ಹೇಳಿದ ಮಾತನ್ನು ಅಲ್ಲೇ ಬರೆದುಕೊಂಡಿದ್ದೇನೆ: “ಮುಚ್ಚಿಟ್ಟದ್ದು ಈ ಮಗುವಿಗೆ ಕೆಡುಕು ಮಾಡಿತು. ಆದರೆ ತನಗಾಗುವ ನಷ್ಟಕ್ಕಿಂತ ಮಗುವಿನ ಜೀವ ದೊಡ್ಡದು ಎಂದು ಈ ತಾಯಿ ಆ ಬೆಳಿಗ್ಗೆ ತೋರಿಸಿದಳು. ಸುರಕ್ಷತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣಲಿಲ್ಲ.” ಕೂಸು ತಾಯಿಯ ಬಳಿಗೆ. ಇಲಾಖೆಯವರು ಒಂದು ವರ್ಷ ಆಗಾಗ ಬಂದು ನೋಡಿಕೊಂಡು ಹೋಗಬೇಕು. ಅಷ್ಟೇ.

ನಾನು ಯಾವುದನ್ನು ಸೋಲು ಎಂದು ತಲೆ ಹಿಡಿದು ಕೂತಿದ್ದೆನೋ ಅದೇ ಅವಳನ್ನು ಗೆಲ್ಲಿಸಿತು, ನೋಡು. ಆ ದಿನ ನನ್ನ ಮಾತು ಕೇಳಿ ನಿಮ್ಮ ಮನೆಗೆ ಓಡಿಬಂದಿದ್ದರೆ ಕೂಸೂ ಇಲ್ಲ, ಮಾನವೂ ಇಲ್ಲ. ತಂದೆಯ ಮಾತು ಮೀರಿದ್ದಕ್ಕೆ ಮಗಳ ಮೇಲೆ ಇಷ್ಟು ಹೆಮ್ಮೆಪಟ್ಟ ಮುದುಕ ಹ್ಯಾರಿಸ್ ಪಾರ್ಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಮನೆಗೆ ಬಂದದ್ದನ್ನು ಏನು ಬರೆಯಲಿ? ರುದ್ರವ್ವ ಬಾಗಿಲಲ್ಲಿ ನಿಲ್ಲಿಸಿ, ಕೆಂಪು ನೀರು ನಿವಾಳಿಸಿ, ಮದುಮಗಳಂತೆ ಒಳಗೆ ಕರೆದುಕೊಂಡಳು. ನಿಂತುಹೋಗಿದ್ದ ತೊಟ್ಟಿಲ ಶಾಸ್ತ್ರವನ್ನು ಶುಕ್ರವಾರವೇ ಮಾಡಿದೆವು. ಏಳು ತಿಂಗಳ ಕೂಸು ತೊಟ್ಟಿಲಲ್ಲಿ ಮಲಗೀತೇ, ಎದ್ದು ಕೂತು ಎಲ್ಲರನ್ನೂ ಮೇಲಿಂದ ಕೆಳಗೆ ನೋಡಿತು. ಹುಬ್ಬಳ್ಳಿಯಿಂದ ಐನೋರು ವಿಡಿಯೋದಲ್ಲಿ ಮಂತ್ರ ಹೇಳಿದರು. ಮಧುರಾ ಬಂದಿದ್ದಳು, ಪಂಜಾಬಿ ಆಂಟಿ ಬಂದಿದ್ದಳು, ಲೂಸಿಯೂ ಬಂದು ಹೋಳಿಗೆಯನ್ನು ಚಮಚದಲ್ಲಿ ತಿಂದಳು. ಕಿವಿಯಲ್ಲಿ ಹೆಸರು ಕೂಗುವಾಗ ತೇಜಸ್ ಶೈಲಾಳ ಭುಜದ ಮೇಲೆ ಕೈ ಇಟ್ಟು ನಿಂತಿದ್ದ. ಸಂಜೆ ಏಳು ಬಡಿದಾಗ ಎಲ್ಲರೂ ಅಭ್ಯಾಸದಿಂದ ಒಮ್ಮೆಲೇ ಗಡಿಯಾರ ನೋಡಿದೆವು. ಶೈಲಾ ಮಾತ್ರ ಏಳಲಿಲ್ಲ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಸೋಫಾದ ಮೇಲೆ ಕಾಲು ಚಾಚಿ, “ಅವ್ವಾ, ಇನ್ನೊಂದು ಹೋಳಿಗಿ ಹಾಕು” ಅಂದಳು. ನಮ್ಮೆಲ್ಲರಿಗೂ ನಗು, ಅಳು ಕೂಡಿಯೇ ಬಂದವು.

ಇಷ್ಟು ಸಾಕು. ನಿನ್ನ ಸೊಸೆಗೆ, ವಿರುಪಾಕ್ಷನಿಗೆ ನಮ್ಮಿಬ್ಬರ ಆಶೀರ್ವಾದ. ಗುರು ಬಸವಣ್ಣ ನಿಮ್ಮೆಲ್ಲರನ್ನೂ ತಂಪಾಗಿ ಇಟ್ಟಿರಲಿ. ಜನವರಿಯಲ್ಲಿ ಗಾನವಿಯನ್ನು ಕರೆದುಕೊಂಡು ಬರುತ್ತೇವೆ, ಈ ಸಲ ತಪ್ಪಿಸುವುದಿಲ್ಲ, ಅಡಗಲೂ ಬರುವುದಿಲ್ಲ. ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡಿರು, ನನ್ನ ಮೊಮ್ಮಗಳ ಕೂಗು ನಿನಗೆ ಕೇಳಿಸಬೇಕು.

ನಿನ್ನ ಗೆಳೆಯ,
ಗುರುಶಾಂತಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಓದಿ ನಿನ್ನಲ್ಲೇ ಇಟ್ಟುಕೋ.

ವಿಷಯ ನನಗೆ ಆಸ್ಪತ್ರೆಯಲ್ಲಿ ಹೊಳೆದದ್ದಲ್ಲ. ಹೋದ ನವೆಂಬರಿನಿಂದಲೇ ಗೊತ್ತಿತ್ತು. ಶೈಲಾಳಿಗೆ ಆಗ ಐದನೆಯ ತಿಂಗಳು. ಒಂದು ಭಾನುವಾರ ರುದ್ರವ್ವ, ತೇಜಸ್ ಸಂತೆಗೆ ಹೋದಾಗ ನನ್ನ ಹತ್ತಿರ ಬಂದು ಕೂತು, “ಅಪ್ಪಾ, ನಾ ಒಂದು ತಪ್ಪು ಮಾಡೀನಿ” ಎಂದು ಎಲ್ಲ ಹೇಳಿದಳು. ಮಂಗಳವಾರ ಆಸ್ಪತ್ರೆಯಲ್ಲಿ ಹೇಳಿಬಿಡುತ್ತೇನೆ, ಮನಸ್ಸು ಗಟ್ಟಿ ಮಾಡೀನಿ ಅಂದಳು. ನಾನು ಕಕ್ಷಿದಾರನನ್ನು ಕೇಳುವ ಹಾಗೆ ಕೇಳಿದೆ: “ಯಾರಿಗೆ ಗೊತ್ತೈತಿ? ಯಾರೂ ನೋಡಿಲ್ಲಲ್ಲ? ಹಂಗಾದ್ರ ಬಾಯಿ ಬಿಡಬ್ಯಾಡ. ಬಿಟ್ಟರ ಜೇಲು. ಏನು ಕೇಳಿದ್ರೂ ಇಲ್ಲ ಅನ್ನು.” ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ನನ್ನ ಮೊಣಕಾಲಿಗೆ ತಲೆ ಹಚ್ಚಿ ಅತ್ತಳು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಮಗಳಿಗೆ ಉಪಯೋಗಕ್ಕೆ ಬಂದೆ ಎಂದು ನನಗೆ ಹಿಗ್ಗೂ ಆಯಿತು. ಇಲ್ಲಿಯ ಕಾನೂನು ಏನೆಂದು ನಾನು ಯಾರನ್ನೂ ಕೇಳಲಿಲ್ಲ. ಆಮೇಲಿನ ಅವಳ ಪ್ರತಿಯೊಂದು ‘ಇಲ್ಲ’ ನಾನು ಹೇಳಿಕೊಟ್ಟದ್ದು. ಕೂಸಿನ ಬೆನ್ನಿಗೆ ಬಿದ್ದ ಸೂಜಿಯೂ ನಾನು ಹಾಕಿಸಿದ್ದೇ.

ಗುರುವಾರ ಆ ವಕೀಲ, ಮನೆಯಲ್ಲಿ ಯಾರಾದರೂ ಹೇಳಿದ್ದರೇ ಎಂದು ಕೇಳಿದಾಗ ಅವಳು ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ತೇಜಸ್‌ಗೂ ಇವತ್ತಿನವರೆಗೆ ಹೇಳಿಲ್ಲ. ತೊಟ್ಟಿಲಿನ ದಿನ ನಾನೇ ಅವಳ ಹತ್ತಿರ ಹೋಗಿ ಮಾತು ತೆಗೆದೆ. “ಬಿಡ್ರಿ ಅಪ್ಪಾ, ಮುಗೀತಲ್ಲ” ಎಂದು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಒಳಗೆ ಹೋದಳು. ಶಿವಪುತ್ರ, ಏಳು ತಿಂಗಳು ಆ ಹುಡುಗಿ ಡಾಕ್ಟರಿಗೆ, ಇಲಾಖೆಗೆ, ಕೋರ್ಟಿಗೆ ಒಂದಕ್ಷರ ಮುಚ್ಚಿಡದೆ ನಿಜ ಹೇಳಿದಳು. ಹೇಳಿದ ಒಂದೇ ಒಂದು ಸುಳ್ಳು ನನ್ನನ್ನು ಉಳಿಸಲು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಅದನ್ನು ಕೇಳಿದೆ. ಎದ್ದು ನಿಲ್ಲಲಿಲ್ಲ.